ಪಾಸೆ ಕೊಂಪೊಜ಼ೆ: ‘ಮಾತಾಡಿದ್ದೇನೆ’ ಗೊತ್ತಿದ್ದವರಿಗೆ ಫ್ರೆಂಚ್ ಭೂತಕಾಲ

‘ನಿನ್ನೆ ಅವಳ ಜೊತೆ ಮಾತಾಡಿದ್ದೇನೆ’ ಅನ್ನುವ ವಾಕ್ಯವನ್ನು ಇದ್ದ ಹಾಗೇ ಇಂಗ್ಲಿಷಿಗೆ ತಂದರೆ ಮಾಸ್ತರು ಕೆಂಪು ಗೀಟು ಎಳೆಯುತ್ತಾರೆ. ‘ಐ ಹ್ಯಾವ್ ಸ್ಪೋಕನ್’ ಜೊತೆ ‘ಯೆಸ್ಟರ್‌ಡೇ’ ಕೂರುವುದಿಲ್ಲ. ಫ್ರೆಂಚಿನಲ್ಲಿ ಈ ತಕರಾರೇ ಇಲ್ಲ. ‘ಮಾತಾಡಿದೆ’, ‘ಮಾತಾಡಿದ್ದೇನೆ’ ಎರಡಕ್ಕೂ ಅಲ್ಲಿ ಆಡುಮಾತಿನಲ್ಲಿ ಒಂದೇ ರೂಪ: ಪಾಸೆ ಕೊಂಪೊಜ಼ೆ, ಅಂದರೆ ಸಂಯುಕ್ತ ಭೂತಕಾಲ. ನಿನ್ನೆ, ಹೋದ ವಾರ, 1947ರಲ್ಲಿ, ಯಾವ ಕಾಲಸೂಚಕ ಬೇಕಾದರೂ ಪಕ್ಕದಲ್ಲಿಟ್ಟುಕೊಳ್ಳಬಹುದು.

ನಮ್ಮಲ್ಲಿ ಫ್ರೆಂಚ್ ಕಲಿಯುವವರು ಹೆಚ್ಚಾಗಿ ಇಂಗ್ಲಿಷ್ ಏಣಿ ಹತ್ತಿಯೇ ಈ ಕಾಲಕ್ಕೆ ಬರುತ್ತಾರೆ. ಆ ಏಣಿ ಎರಡು ಮೂರು ಕಡೆ ಮುರಿದಿದೆ. ಕನ್ನಡದ ಏಣಿ ಮುಖ್ಯವಾಗಿ ಒಂದೇ ಕಡೆ ಮುರಿದಿದೆ, ಅದು ಎಲ್ಲಿ ಅನ್ನುವುದೂ ಮುಂದೆ ಬರುತ್ತದೆ. ‘ಮಾತಾಡಿದ್ದೇನೆ’ಯನ್ನು ಬಿಡಿಸಿದರೆ ‘ಮಾತಾಡಿ’ ಮತ್ತು ‘ಇದ್ದೇನೆ’ ಸಿಗುತ್ತವೆ. ‘ಮಾತಾಡಿ’ ಕದಲುವುದಿಲ್ಲ. ಬದಲಾಗುವುದು ಬಾಲ ಮಾತ್ರ: ಇದ್ದೇನೆ, ಇದ್ದೀಯ, ಇದ್ದಾಳೆ, ಇದ್ದೀರಿ. ಫ್ರೆಂಚಿನಲ್ಲೂ ಇದೇ ಲೆಕ್ಕ. ವ್ಯತ್ಯಾಸವೆಂದರೆ ಅಲ್ಲಿ ಬಾಲ ಮುಂದೆ ಬಂದು ನಿಲ್ಲುತ್ತದೆ.

ಓದುವ ಮೊದಲು ಬರಹದ ಬಗ್ಗೆ ನಾಲ್ಕು ಮಾತು. ಇಲ್ಲಿ ಫ್ರೆಂಚ್ ಪದಗಳನ್ನು ಕೇಳಿಸುವಂತೆ ಬರೆದಿದೆ. ಸ್ಪೆಲಿಂಗ್ ಬೇಕಾದಲ್ಲಿ ಅಕ್ಷರಗಳನ್ನು ಇಂಗ್ಲಿಷ್ ಹೆಸರಿನಿಂದಲೇ ಕರೆದಿದೆ. ಚುಕ್ಕೆ ಇರುವ ‘ಜ಼’ ಇಂಗ್ಲಿಷಿನ ‘ಜ಼ೂ’ ಪದದ ಮೊದಲ ಧ್ವನಿ. ಚುಕ್ಕೆ ಇಲ್ಲದ ‘ಜ’ ನಮ್ಮ ಜಕಾರಕ್ಕಿಂತ ಮೆತ್ತಗೆ, ‘ಟೆಲಿವಿಷನ್’ ಪದದ ನಡುವೆ ಇಂಗ್ಲಿಷರು ಹೊರಡಿಸುವ ಸದ್ದಿನಂತೆ. ಕೊನೆಯ ಸೊನ್ನೆ ಮೂಗಿನಲ್ಲೇ ಮುಗಿಯಬೇಕು, ‘ಮ್’ ಅಂತ ತುಟಿ ಮುಚ್ಚಬಾರದು. ಪದದ ಕೊನೆಯ ‘ಯು’ಗೆ ಒಂದು ಉಪಾಯವಿದೆ: ಬಾಯೊಳಗೆ ‘ಈ’ ಅನ್ನುತ್ತಾ ತುಟಿಯನ್ನು ಮಾತ್ರ ‘ಊ’ ಅನ್ನುವಂತೆ ದುಂಡಗೆ ಮಾಡಿ.

ಹೆಜ್ಜೆ 1: ಸಹಾಯಕ ಕ್ರಿಯಾಪದ ಬಾಯಿಗೆ ಬರಲಿ

ಬಹುಪಾಲು ಕ್ರಿಯಾಪದಗಳಿಗೆ ಸಹಾಯಕ್ಕೆ ಬರುವುದು ‘ಅವ್ವಾರ್’, ಅಂದರೆ ಹೊಂದಿರು. ಅದರ ವರ್ತಮಾನ ರೂಪಗಳು ಇವು.

ನಾನು: ಜೆ (ಸ್ಪೆಲಿಂಗ್ ಜೆ, ಅಪಾಸ್ಟ್ರಫಿ, ಎ, ಐ)
ನೀನು: ತ್ಯು ಆ (ಎ, ಎಸ್)
ಅವನು: ಇಲ್ ಆ, ಅವಳು: ಎಲ್ ಆ (ಬರೀ ಎ)
ನಾವು, ಆಡುಮಾತಿನಲ್ಲಿ: ಓಂ ನಾ (ಇದಕ್ಕೂ ಬರೀ ಎ)
ನಾವು: ನೂ ಜ಼ಾವೋಂ (ಎ, ವಿ, ಒ, ಎನ್, ಎಸ್)
ನೀವು: ವೂ ಜ಼ಾವೆ (ಎ, ವಿ, ಇ, ಜ಼ೆಡ್)
ಅವರು: ಇಲ್ ಜ಼ೋಂ, ಹೆಂಗಸರೇ ಇದ್ದರೆ ಎಲ್ ಜ಼ೋಂ (ಒ, ಎನ್, ಟಿ)

ಏಣಿ ಮುರಿದಿರುವುದು ಇಲ್ಲೇ. ಕನ್ನಡದಲ್ಲಿ ‘ಹೊಂದಿರು’ ಪುಸ್ತಕದ ಪದ. ಬಾಯಲ್ಲಿ ನಾವು ‘ನನ್ನ ಹತ್ತಿರ ದುಡ್ಡಿದೆ’, ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಅನ್ನುವವರು. ಎಲ್ಲವೂ ‘ಇರು’. ಹಾಗಾಗಿ ಕನ್ನಡದ ಕಿವಿ ಇಲ್ಲೂ ‘ಇರು’ವಿಗೆ ಸಮನಾದ ‘ಎತ್ರ್’ ಅನ್ನೇ ಎಳೆದು ತಂದು ‘ಜ ಸ್ಯುಯಿ ಪಾರ್ಲೆ’ ಅನ್ನುತ್ತದೆ. ಅದು ತಪ್ಪು. ಎತ್ರ್‌ಗೆ ಕೆಲಸ ಇರುವ ಜಾಗ ಬೇರೆ, ಹೆಜ್ಜೆ 5ರಲ್ಲಿ ಬರುತ್ತದೆ.

ಇನ್ನೊಂದು ಎಡವುವ ಜಾಗ ‘ಅವರು’. ಇಲ್ ಜ಼ೋಂ ಅಂದರೆ ಅವರ ಬಳಿ ಇದೆ, ಇಲ್ ಸೋಂ ಅಂದರೆ ಅವರು ಇದ್ದಾರೆ. ನಡುವೆ ಇರುವುದು ಜ಼ ಮತ್ತು ಸಗಳ ಅಂತರ ಮಾತ್ರ. ಕನ್ನಡದ ಬಾಯಿಗೆ ಜ಼ ಸುಲಭವಾಗಿ ಬರುವುದಿಲ್ಲ, ಸ ಇಲ್ಲವೇ ಜ ಆಗಿ ಜಾರುತ್ತದೆ. ಸ ಆದರೆ ಸಹಾಯಕ ಕ್ರಿಯಾಪದವೇ ಬದಲಾಗಿಬಿಡುತ್ತದೆ. ಬೆರಳನ್ನು ಗಂಟಲ ಮೇಲಿಟ್ಟು ನೋಡಿ: ಜ಼ ಅಂದಾಗ ಗಂಟಲು ನಡುಗಬೇಕು, ಸ ಅಂದಾಗ ನಡುಗಬಾರದು.

ಹೆಜ್ಜೆ 2: ಕೃದಂತ ಮಾಡಿ

ಕೃದಂತ ಅಂದರೆ ‘ಮಾತಾಡಿ’ಯ ಜಾಗದಲ್ಲಿ ನಿಲ್ಲುವ ರೂಪ. ಕ್ರಿಯಾಪದದ ಮೂಲರೂಪದ ಕೊನೆಯ ಎರಡು ಅಕ್ಷರ ನೋಡಿ. ನಿಯಮಿತ ಕ್ರಿಯಾಪದಗಳಿಗೆ ಮೂರೇ ಮನೆ.

ಕೊನೆಗೆ ಇ-ಆರ್ ಇದ್ದರೆ ಎರಡನ್ನೂ ತೆಗೆದು, ಮೇಲೆ ಗೀಟಿರುವ ಇ ಹಾಕಿ. ಮಾತಾಡು ಅನ್ನುವ ‘ಪಾರ್ಲೆ’ಗೆ ಕೃದಂತವೂ ‘ಪಾರ್ಲೆ’ಯೇ. ತಿನ್ನು ‘ಮಾಂಜೆ’, ಕೊಳ್ಳು ‘ಆಶ್ತೆ’, ಎಲ್ಲ ಹಾಗೇ. ಕೇಳಲು ಒಂದೇ, ಬರೆಯಲು ಬೇರೆ.

ಕೊನೆಗೆ ಐ-ಆರ್ ಇದ್ದರೆ ಆರ್ ಒಂದನ್ನು ಕಿತ್ತರೆ ಸಾಕು. ಮುಗಿಸು ‘ಫಿನೀರ್’ ಹೋಗಿ ‘ಫಿನೀ’ ಆಗುತ್ತದೆ, ಆರಿಸು ‘ಶ್ವಾಜ಼ೀರ್’ ಹೋಗಿ ‘ಶ್ವಾಜ಼ೀ’.

ಕೊನೆಗೆ ಆರ್-ಇ ಇದ್ದರೆ ಎರಡನ್ನೂ ತೆಗೆದು ಯು ಸೇರಿಸಿ. ಮಾರು ‘ವಾಂದ್ರ್’ ಹೋಗಿ ‘ವಾಂದ್ಯು’, ಕಾಯು ‘ಅತಾಂದ್ರ್’ ಹೋಗಿ ‘ಅತಾಂದ್ಯು’.

ಮೊದಲ ಮನೆಯೇ ಎಲ್ಲಕ್ಕಿಂತ ದೊಡ್ಡದು. ಫ್ರೆಂಚ್ ಕ್ರಿಯಾಪದಗಳಲ್ಲಿ ಬಹುಪಾಲು ಅಲ್ಲೇ ಇವೆ. ಹೊಸದಾಗಿ ಹುಟ್ಟುವವೂ ಅಲ್ಲಿಗೇ ಸೇರುತ್ತವೆ: ಗೂಗಲ್‌ನಲ್ಲಿ ಹುಡುಕುವುದು ‘ಗೂಗ್ಲೆ’, ಪೋಸ್ಟ್‌ಗೆ ಲೈಕ್ ಒತ್ತುವುದು ‘ಲೈಕೆ’. ವರ್ತಮಾನ ಕಾಲದಲ್ಲಿ ಸ್ಪೆಲಿಂಗ್ ಬದಲಿಸಿ ಸತಾಯಿಸುವ ಆಶ್ತೆ, ಅಪ್ಲೆ, ಪ್ರೆಫೆರೆ ಮುಂತಾದವು ಈ ಕಾಲದಲ್ಲಿ ತೆಪ್ಪಗಿರುತ್ತವೆ. ಮೂಲರೂಪದ ಇ-ಆರ್ ತೆಗೆದು ಗೀಟಿನ ಇ ಹಾಕಿದರೆ ಮುಗಿಯಿತು, ಒಳಗಿನ ಅಕ್ಷರ ಮುಟ್ಟಬೇಡಿ.

ಐ-ಆರ್ ಮನೆಯಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ನಿದ್ರಿಸು (ದೊರ್ಮೀರ್), ಹೊರಡು (ಪಾರ್ತೀರ್), ಹೊರಹೋಗು (ಸೊರ್ತೀರ್) ವರ್ತಮಾನದಲ್ಲಿ ಅಡ್ಡದಾರಿ ಹಿಡಿದರೂ ಕೃದಂತದಲ್ಲಿ ನೆಟ್ಟಗೆ ದೊರ್ಮೀ, ಪಾರ್ತೀ, ಸೊರ್ತೀ ಆಗುತ್ತವೆ. ಆದರೆ ಬಾ ಅನ್ನುವ ‘ವನೀರ್’ ಹೋಗಿ ‘ವನ್ಯು’ ಆಗುತ್ತದೆ, ತೆರೆ ಅನ್ನುವ ‘ಊವ್ರೀರ್’ ಹೋಗಿ ‘ಊವೆರ್’. ಆರ್-ಇ ಮನೆಯಲ್ಲಿ ಮೋಸ ಮಾಡುವವನು ತೆಗೆದುಕೊಳ್ಳು ಅನ್ನುವ ‘ಪ್ರಾಂದ್ರ್’. ನೋಡಲು ವಾಂದ್ರ್‌ನ ತಮ್ಮನ ಹಾಗಿದ್ದರೂ ‘ಪ್ರಾಂದ್ಯು’ ಅನ್ನುವ ಪದ ಇಲ್ಲ, ‘ಪ್ರೀ’ ಅನ್ನಬೇಕು. ಇಂಥವು ಅನಿಯಮಿತ, ಬಾಯಿಪಾಠವೇ ಗತಿ.

ಈಗ ಆ ಗೀಟು. ಎಡದಿಂದ ಬಲಕ್ಕೆ ಏರುವ ಆ ಪುಟ್ಟ ಗೆರೆಗೆ ‘ಅಕ್ಸಾಂ ಎಗ್ಯು’ ಅಂತ ಹೆಸರು. ಅದನ್ನು ಅಲಂಕಾರ ಅಂದುಕೊಂಡು ಬಿಡಬೇಡಿ. ಬಿಟ್ಟರೆ ಪದ ‘ಪಾರ್ಲೆ’ ಆಗದೆ ‘ಪಾರ್ಲ್’ ಆಗುತ್ತದೆ, ಅಂದರೆ ವರ್ತಮಾನ ಕಾಲ. ಫೋನಿನಲ್ಲಾದರೆ ಇ ಕೀಲಿಯನ್ನು ಒತ್ತಿ ಹಿಡಿದರೆ ಗೀಟಿನ ರೂಪಗಳು ಮೇಲೆ ತೋರುತ್ತವೆ. ವಿಂಡೋಸ್ ಕಂಪ್ಯೂಟರಿನಲ್ಲಿ ಆಲ್ಟ್ ಹಿಡಿದುಕೊಂಡು ಬಲಗಡೆಯ ಸಂಖ್ಯಾ ಕೀಲಿಗಳಲ್ಲಿ 0233 ಒತ್ತಿ. ಕೀಬೋರ್ಡಿನ ಮೇಲ್ಸಾಲಿನ ಅಂಕಿಗಳಿಂದ ಇದು ಆಗುವುದಿಲ್ಲ.

ಹೆಜ್ಜೆ 3: ಜೋಡಿಸಿ

ಕರ್ತೃ, ಸಹಾಯಕ, ಕೃದಂತ, ಈ ಕ್ರಮದಲ್ಲಿ. ಜೆ ಪಾರ್ಲೆ, ತ್ಯು ಆ ಪಾರ್ಲೆ, ಇಲಾ ಪಾರ್ಲೆ, ಎಲಾ ಪಾರ್ಲೆ, ನೂ ಜ಼ಾವೋಂ ಪಾರ್ಲೆ, ವೂ ಜ಼ಾವೆ ಪಾರ್ಲೆ, ಇಲ್ ಜ಼ೋಂ ಪಾರ್ಲೆ. ಪಾರ್ಲೆ ತೆಗೆದು ಫಿನೀ ಇಡಿ, ವಾಂದ್ಯು ಇಡಿ. ಮುಂದಿನದ್ದು ಒಂದಿಷ್ಟೂ ಬದಲಾಗುವುದಿಲ್ಲ. ಹೊಸ ಕ್ರಿಯಾಪದ ಕಲಿತಾಗ ಏಳೆಂಟು ರೂಪ ಉರುಹೊಡೆಯುವ ಕಷ್ಟ ಇಲ್ಲಿಲ್ಲ, ಒಂದು ಕೃದಂತ ಕಲಿತರೆ ಆಯಿತು.

ತರಗತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ದೋಷವನ್ನು ಹತ್ತಿರದಿಂದ ನೋಡೋಣ. ‘ನಾನು’ ಅನ್ನುವ ಸರ್ವನಾಮದ ಉಚ್ಚಾರ ‘ಜ’. ಸಣ್ಣಗೆ, ಒತ್ತಿಲ್ಲದೆ, ಬಾಯಿ ಅರ್ಧ ತೆರೆದು ಹೇಳಬೇಕು. ಸ್ಪೆಲಿಂಗ್ ಜೆ-ಇ ಆದ್ದರಿಂದ ನಮ್ಮವರು ಅದನ್ನು ‘ಜೆ’ ಅಂತ ಓದಿಬಿಡುತ್ತಾರೆ. ‘ಜೆ’ ಅಂದರೆ ‘ನಾನು + ಅವ್ವಾರ್’. ‘ಜ ಪಾರ್ಲ್’ ಅಂದರೆ ಮಾತಾಡುತ್ತೇನೆ, ‘ಜೆ ಪಾರ್ಲೆ’ ಅಂದರೆ ಮಾತಾಡಿದ್ದೇನೆ. ಒಂದು ಸ್ವರ ಹಿಗ್ಗಿದರೆ ಕೇಳುವ ಫ್ರೆಂಚರಿಗೆ ಮಾತು ಇವತ್ತಿನದೋ ನಿನ್ನೆಯದೋ ತಿಳಿಯುವುದಿಲ್ಲ. ಇದರ ಉಲ್ಟಾ ಕೂಡ ಆಗುತ್ತದೆ: ಭೂತಕಾಲ ಹೇಳಲು ಹೋಗಿ ‘ಜ ಪಾರ್ಲೆ’ ಅಂದರೆ ಅದು ‘ಮಾತಾಡುತ್ತಿದ್ದೆ’ ಅನ್ನುವ ಬೇರೆ ಕಾಲಕ್ಕೆ ತೀರಾ ಹತ್ತಿರವಾಗಿ ಕೇಳಿಸುತ್ತದೆ. ಜ, ಜೆ, ಜ, ಜೆ ಅಂತ ದಿನಕ್ಕೆ ಇಪ್ಪತ್ತು ಸಲ ಹೇಳಿ ಅಭ್ಯಾಸ ಮಾಡುವುದು ತಮಾಷೆಯಾಗಿ ಕಂಡರೂ ದಂಡವಲ್ಲ.

ಹೆಜ್ಜೆ 4: ಇಲ್ಲ, ಇನ್ನೂ, ಆಗಲೇ

ನಿಷೇಧ ಹೇಳಲು ಕನ್ನಡ ಮತ್ತೆ ಕೈಹಿಡಿಯುತ್ತದೆ. ‘ಮಾತಾಡಿಲ್ಲ’ ಅಂದರೆ ಮಾತಾಡಿ + ಇಲ್ಲ. ಇಲ್ಲ ಅನ್ನುವುದು ಸಹಾಯಕವಾದ ‘ಇರು’ವಿಗೆ ತಗಲಿದೆ, ‘ಮಾತಾಡಿ’ ಹಾಗೇ ಇದೆ. ಫ್ರೆಂಚಿನಲ್ಲೂ ‘ನ’ ಮತ್ತು ‘ಪಾ’ ಎರಡೂ ಸಹಾಯಕವನ್ನೇ ಅತ್ತಿತ್ತ ತಬ್ಬಿಕೊಳ್ಳುತ್ತವೆ: ಜ ನೆ ಪಾ ಪಾರ್ಲೆ. ಕೃದಂತದ ಆಚೆಗೆ ‘ಪಾ’ ಹಾಕುವುದು (ಜ ನೆ ಪಾರ್ಲೆ ಪಾ) ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಬೀದಿಯ ಮಾತಿನಲ್ಲಿ ಫ್ರೆಂಚರು ‘ನ’ವನ್ನು ನುಂಗಿ ‘ಜೆ ಪಾ ಪಾರ್ಲೆ’ ಅಂದುಬಿಡುತ್ತಾರೆ. ಕೇಳಿದರೆ ಗೊತ್ತಾಗಲಿ, ಆದರೆ ಪರೀಕ್ಷೆಯಲ್ಲಿ ಬರೆಯಬೇಡಿ.

ಯಾವತ್ತೂ ಇಲ್ಲ (ಜಾಮೆ), ಏನೂ ಇಲ್ಲ (ರಿಯಾಂ) ಕೂಡ ‘ಪಾ’ ನಿಂತ ಜಾಗದಲ್ಲೇ ನಿಲ್ಲುತ್ತವೆ: ಜ ನೆ ರಿಯಾಂ ಮಾಂಜೆ, ನಾನು ಏನೂ ತಿಂದಿಲ್ಲ. ಯಾರೂ ಇಲ್ಲ ಅನ್ನುವ ‘ಪೆರ್ಸೊನ್’ ಮಾತ್ರ ಹಠ ಹಿಡಿದು ಕೃದಂತದ ನಂತರ ಕೂರುತ್ತದೆ. ಚೆನ್ನಾಗಿ (ಬಿಯಾಂ), ಆಗಲೇ (ದೆಜಾ), ತುಂಬಾ (ಬೋಕು) ಅನ್ನುವ ಗಿಡ್ಡ ಕ್ರಿಯಾವಿಶೇಷಣಗಳಿಗೂ ನಡುವಿನ ಜಾಗವೇ: ಜೆ ದೆಜಾ ಫಿನೀ, ಆಗಲೇ ಮುಗಿಸಿದ್ದೇನೆ. ನಿನ್ನೆ (ಇಯೆರ್) ವಾಕ್ಯದ ತುದಿಯಲ್ಲಿ, ಮೊದಲಾದರೂ ಸರಿ, ಕೊನೆಯಾದರೂ ಸರಿ.

ಪ್ರಶ್ನೆಗೆ ಮುಂದೆ ‘ಎಸ್ ಕ’ ಸೇರಿಸಿದರೆ ಸಾಕು: ಎಸ್ ಕ ತ್ಯು ಆ ಮಾಂಜೆ? ಗೆಳೆಯರ ನಡುವೆ ‘ತಾ ಮಾಂಜೆ?’ ಅಂತ ದನಿ ಏರಿಸಿದರೂ ನಡೆಯುತ್ತದೆ, ನಮ್ಮ ‘ಊಟ ಆಯ್ತಾ?’ ಹಾಗೆ. ಆದರೆ ಅಲ್ಲಿ ಇದು ಕುಶಲ ವಿಚಾರಿಸುವ ಮಾತಲ್ಲ, ನಿಜವಾಗಿಯೂ ಊಟದ ಪ್ರಶ್ನೆ.

ಹೆಜ್ಜೆ 5: ಎತ್ರ್ ಬೇಡುವ ಗುಂಪು

ಹೋಗು-ಬಾ, ಹತ್ತು-ಇಳಿ, ಹುಟ್ಟು-ಸಾಯು, ತಲುಪು-ಹೊರಡು, ಒಳಬರು-ಹೊರಹೋಗು, ಜೊತೆಗೆ ಬೀಳು, ಉಳಿ, ಮರಳು. ಹೀಗೆ ಜೋಡಿಯಾಗಿ ನೆನಪಿಟ್ಟರೆ ಇಂಗ್ಲಿಷ್ ಅಕ್ಷರಗಳ ‘ವ್ಯಾಂಡರ್‌ಟ್ರಾಂಪ್’ ಸೂತ್ರಕ್ಕಿಂತ ಬೇಗ ನಾಟುತ್ತದೆ. ಇವಕ್ಕೆ ಸಹಾಯಕ ಎತ್ರ್: ಜ ಸ್ಯುಯಿ, ತ್ಯು ಎ, ಇಲ್ ಎ, ನೂ ಸೊಮ್, ವೂ ಜ಼ೆತ್, ಇಲ್ ಸೋಂ. ‘ಜ ಸ್ಯುಯಿ ಆರಿವೆ’ ಅಂದರೆ ನಾನು ತಲುಪಿದ್ದೇನೆ. ಚಲನೆ ಇದ್ದಲ್ಲೆಲ್ಲ ಎತ್ರ್ ಅಂದುಕೊಳ್ಳಬೇಡಿ. ನಡೆ (ಮಾರ್ಶೆ), ಪ್ರಯಾಣಿಸು (ವ್ವಾಯಾಜೆ), ಈಜು (ನಾಜೆ) ಅವ್ವಾರ್ ಕಡೆಯವೇ.

ಈ ಗುಂಪಿನ ಕೆಲವು ಪದಗಳು ಕರ್ಮ ಸಿಕ್ಕ ಕೂಡಲೇ ಪಕ್ಷ ಬದಲಿಸುತ್ತವೆ. ಕನ್ನಡದ ‘ಇಳಿ’ ಮತ್ತು ‘ಇಳಿಸು’ ನೆನೆಯಿರಿ. ‘ಜ ಸ್ಯುಯಿ ದೆಸಾಂದ್ಯು’ ಅಂದರೆ ನಾನು ಇಳಿದೆ, ‘ಜೆ ದೆಸಾಂದ್ಯು ಲಾ ವಾಲೀಜ಼್’ ಅಂದರೆ ಪೆಟ್ಟಿಗೆ ಇಳಿಸಿದೆ. ನಾವು ‘-ಇಸು’ ಸೇರಿಸುವಲ್ಲಿ ಅವರು ಸಹಾಯಕವನ್ನು ಬದಲಿಸುತ್ತಾರೆ, ಅಷ್ಟೇ. ಇದೇ ಗುಂಪಿನ ‘ಪಾಸೆ’ಯಲ್ಲಿ ಇನ್ನೊಂದು ಗುಂಡಿ ಇದೆ. ‘ಜೆ ಪಾಸೆ ಲೆಗ್ಜ಼ಾಮ್ಯಾಂ’ ಅಂದರೆ ಪರೀಕ್ಷೆ ಬರೆದೆ ಅಂತ ಮಾತ್ರ, ಪಾಸಾದೆ ಅಂತಲ್ಲ. ಪಾಸಾಗಿದ್ದರೆ ‘ಜೆ ರೆಯ್ಯುಸೀ’ ಅನ್ನಬೇಕು.

ಎತ್ರ್ ಬಂದಾಗ ಕೃದಂತ ಕರ್ತೃವಿನ ಲಿಂಗ ವಚನಕ್ಕೆ ಹೊಂದಬೇಕು: ಹೆಣ್ಣಾದರೆ ಕೊನೆಗೊಂದು ಇ, ಬಹುವಚನಕ್ಕೆ ಎಸ್, ಹೆಂಗಸರ ಗುಂಪಿಗೆ ಇ-ಎಸ್. ಕನ್ನಡದಲ್ಲಿ ‘ನಾನು ಬಂದಿದ್ದೇನೆ’ ಅಂದವರು ಗಂಡೋ ಹೆಣ್ಣೋ ಕ್ರಿಯಾಪದ ಹೇಳುವುದಿಲ್ಲ, ಹಾಗಾಗಿ ಹೆಣ್ಣುಮಕ್ಕಳು ‘ನಾನು’ ವಾಕ್ಯದಲ್ಲಿ ಈ ಇ ಮರೆಯುತ್ತಾರೆ. ಹಿಂದಿ ಬಂದರೆ ‘ಮೈ ಆಯಾ ಹೂಂ, ಮೈ ಆಯೀ ಹೂಂ’ ನೆನಪಿಸಿಕೊಳ್ಳಿ, ಅದೇ ಜಾಡು. ‘ವೂ ಜ಼ೆತ್ ಆರಿವೆ’ಗೆ ನಾಲ್ಕು ಸ್ಪೆಲಿಂಗ್ ಸಾಧ್ಯ, ಎದುರಿಗಿರುವವರು ಒಬ್ಬರೇ, ಹಲವರೇ, ಗಂಡೇ, ಹೆಣ್ಣೇ ಅನ್ನುವುದರ ಮೇಲೆ. ಸಮಾಧಾನದ ವಿಷಯ: ನಿಯಮಿತ ಕ್ರಿಯಾಪದಗಳಲ್ಲಿ ಈ ಯಾವ ಅಕ್ಷರವೂ ಬಾಯಲ್ಲಿ ಕೇಳಿಸುವುದಿಲ್ಲ. ಮಾತಾಡುವಾಗ ಇದಕ್ಕೆ ತಲೆಕೆಡಿಸಿಕೊಳ್ಳಬೇಡಿ, ಬರೆಯುವಾಗ ಮಾತ್ರ ಕೊನೆಯಲ್ಲೊಮ್ಮೆ ಕಣ್ಣಾಡಿಸಿ.

ಅವ್ವಾರ್ ಜೊತೆ ಕೃದಂತ ಕರ್ತೃವಿಗೆ ಹೊಂದುವುದೇ ಇಲ್ಲ. ಆದರೆ ಕರ್ಮ ಮೊದಲೇ ಬಂದುಬಿಟ್ಟಿದ್ದರೆ ಆ ಕರ್ಮಕ್ಕೆ ಹೊಂದುತ್ತದೆ. ‘ಜೆ ಆಶ್ತೆ ಲೆ ಮಾಂಗ್’, ಮಾವಿನಹಣ್ಣು ಕೊಂಡೆ: ಕರ್ಮ ನಂತರ ಬಂದಿದೆ, ಏನೂ ಸೇರಿಸಬೇಡಿ. ‘ಲೆ ಮಾಂಗ್ ಕ ಜೆ ಆಶ್ತೆ’, ನಾನು ಕೊಂಡ ಮಾವಿನಹಣ್ಣುಗಳು: ಕರ್ಮ ಮೊದಲೇ ಬಂದಿದೆ, ಮಾಂಗ್ ಸ್ತ್ರೀಲಿಂಗ ಬಹುವಚನ, ಹಾಗಾಗಿ ಆಶ್ತೆಗೆ ಇ-ಎಸ್. ಇಟಲಿಯ ಮಾದರಿ ತೋರಿಸಿ ಈ ನಿಯಮವನ್ನು ಎತ್ತಿಹಿಡಿದವನು 16ನೇ ಶತಮಾನದ ಕವಿ ಕ್ಲೆಮಾಂ ಮಾರೊ. ಫ್ರೆಂಚ್ ಮಕ್ಕಳೂ ಇದರಲ್ಲಿ ಎಡವುತ್ತಾರೆ. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಶಿಕ್ಷಕರು ಇದನ್ನು ಕೈಬಿಡೋಣ ಅಂದಾಗ ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ಎದ್ದಿತ್ತು. ಎ1, ಎ2 ಅನ್ನುವ ಆರಂಭದ ಹಂತಗಳಲ್ಲಿ ಇದಕ್ಕಾಗಿ ನಿದ್ದೆಗೆಡುವುದು ಬೇಡ. ಮೊದಲು ಸಹಾಯಕ ಮತ್ತು ಗೀಟು ಸರಿಯಾಗಲಿ.

ಕಾಲ ಆರಿಸುವಾಗ ಇಂಗ್ಲಿಷ್ ಮಾತು ಕೇಳಬೇಡಿ

ಡೆಲ್ಫ್ ಅನ್ನುವ ಫ್ರೆಂಚ್ ಪರೀಕ್ಷೆಯ ಎ2 ಬರವಣಿಗೆಯಲ್ಲಿ ಕಳೆದ ಅನುಭವವೊಂದನ್ನು ಬರೆಯಬೇಕಾಗುತ್ತದೆ. ಅಲ್ಲಿ ರೂಪಕ್ಕಿಂತ ಆಯ್ಕೆ ಕೈಕೊಡುತ್ತದೆ. ‘ಐದು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ’ ಅನ್ನಲು ಇಂಗ್ಲಿಷ್ ‘ಹ್ಯಾವ್ ಲಿವ್ಡ್’ ಬೇಡುತ್ತದೆ. ಅದನ್ನು ನಕಲು ಮಾಡಿ ‘ಜೆ ಆಬಿತೆ’ ಅಂದರೆ ಊರು ಬಿಟ್ಟಾಯಿತು ಅಂತ ಅರ್ಥ. ಫ್ರೆಂಚ್ ಇಲ್ಲಿ ಕನ್ನಡದಂತೆ ವರ್ತಮಾನವನ್ನೇ ಬಳಸುತ್ತದೆ: ಜಾಬಿತ್ ಆ ಬಾಂಗಾಲೋರ್ ದಪ್ಯುಯಿ ಸ್ಯಾಂಕ್ ಆಂ. ‘ಐದು ವರ್ಷ ಇದ್ದೆ’ ಅನ್ನುವಾಗ, ಅಂದರೆ ಈಗ ಅಲ್ಲಿಲ್ಲ ಅನ್ನುವಾಗ, ‘ಜೆ ಆಬಿತೆ... ಪಾಂದಾಂ ಸ್ಯಾಂಕ್ ಆಂ’. ಇನ್ನು ‘-ಉತ್ತಿದ್ದೆ’ ಬರುವಲ್ಲೆಲ್ಲ ಪಾಸೆ ಕೊಂಪೊಜ಼ೆ ಬೇಡ, ಅದು ‘ಅ್ಯಾಂಪಾರ್ಫೆ’ ಅನ್ನುವ ಬೇರೆ ಕಾಲದ ಜಾಗ. ತಿನ್ನುತ್ತಿದ್ದೆ, ಅಷ್ಟರಲ್ಲಿ ನೀನು ಫೋನ್ ಮಾಡಿದೆ: ತಿನ್ನುತ್ತಿದ್ದದ್ದು ಅ್ಯಾಂಪಾರ್ಫೆ, ಫೋನ್ ಮಾಡಿದ್ದು ಪಾಸೆ ಕೊಂಪೊಜ಼ೆ.

ಕನ್ನಡವನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ‘ನಿನ್ನೆ ನಾವು ಅರ್ಧ ಗಂಟೆ ಬಸ್ಸಿಗೆ ಕಾದೆವು’ ತೆಗೆದುಕೊಳ್ಳಿ. ಕರ್ತೃ ನೂ, ಸಹಾಯಕ ಆವೋಂ, ಅತಾಂದ್ರ್‌ನ ಕೊನೆ ಕಿತ್ತು ಯು: ಇಯೆರ್, ನೂ ಜ಼ಾವೋಂ ಅತಾಂದ್ಯು ಲ ಬ್ಯುಸ್ ಪಾಂದಾಂ ಯುನ್ ದಮಿ ಅರ್. ‘ಬಸ್ಸಿಗೆ’ಯ ‘ಗೆ’ ನೋಡಿ ‘ಪೂರ್’ ಸೇರಿಸುವ ಚಪಲ ಬರುತ್ತದೆ. ಫ್ರೆಂಚರು ಬಸ್ಸನ್ನು ಕಾಯುತ್ತಾರೆ, ಬಸ್ಸಿಗೆ ಕಾಯುವುದಿಲ್ಲ.

ಈಗ ಮೂರು ವಾಕ್ಯ, ಮೊದಲು ನೀವೇ ಬರೆದು ಆಮೇಲೆ ನೋಡಿ. ‘ನಾನಿನ್ನೂ ಕೆಲಸ ಮುಗಿಸಿಲ್ಲ’: ಜ ನೆ ಪಾ ಜ಼ಾಂಕೋರ್ ಫಿನೀ ಮೋಂ ತ್ರಾವಾಯ್. ‘ಅವರು (ಹೆಂಗಸರು) ಮನೆಯಲ್ಲೇ ಉಳಿದರು’: ಎಲ್ ಸೋಂ ರೆಸ್ತೆ ಆ ಲಾ ಮೆಜ಼ೋಂ, ರೆಸ್ತೆಯ ಗೀಟಿನ ಇ ಆದಮೇಲೆ ಇ-ಎಸ್. ‘ನೀನು ಕಾರು ಮಾರಿದೆಯಾ?’: ಎಸ್ ಕ ತ್ಯು ಆ ವಾಂದ್ಯು ಲಾ ವ್ವಾತ್ಯುರ್? ಇದಕ್ಕೆ ‘ಹೌದು, ಮಾರಿದೆ’ ಅಂತ ಉತ್ತರ ಬರೆದರೆ ‘ವಿ, ಜ ಲೆ ವಾಂದ್ಯು’. ಕಾರು ಸ್ತ್ರೀಲಿಂಗ, ಅದರ ಸರ್ವನಾಮ ಕೃದಂತಕ್ಕಿಂತ ಮೊದಲೇ ಬಂದಿದೆ, ಹಾಗಾಗಿ ಪ್ರಶ್ನೆಯ ವಾಂದ್ಯುಗೆ ಇಲ್ಲದ ಇ ಉತ್ತರದ ವಾಂದ್ಯುಗೆ ಸೇರುತ್ತದೆ.